ಗುಲಾಬಿ ಈರುಳ್ಳಿಗೆ ಮೂರು ಸಲ ಬಿದ್ದ ಪೆಟ್ಟು: ಬೆಂಗಳೂರಿನ ಸಂಸದರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು ಉತ್ತರ, ದಕ್ಷಿಣ, ಕೇಂದ್ರ ಮತ್ತು ಗ್ರಾಮಾಂತರ ಕ್ಷೇತ್ರಗಳ ಲೋಕಸಭಾ ಸದಸ್ಯರಿಗೆ ನಮಸ್ಕಾರ.

ನಾನು ಯಶವಂತಪುರದ ಹತ್ತಿರ ಒಂದು ಸಣ್ಣ ಮೆಸ್ ನಡೆಸುತ್ತೇನೆ. ಊಟಕ್ಕೆ ಬರುವವರು ಹೆಚ್ಚಾಗಿ ಗಾರ್ಮೆಂಟ್ಸ್ ಕೆಲಸದವರು, ಡೆಲಿವರಿ ಹುಡುಗರು, ಪಿಜಿಯಲ್ಲಿರುವ ವಿದ್ಯಾರ್ಥಿಗಳು. ಊಟದ ರೇಟಿಗೆ ಐದು ರೂಪಾಯಿ ಸೇರಿಸಿದರೆ ಅವರಲ್ಲಿ ಕೆಲವರು ಒಂದು ಹೊತ್ತಿನ ಊಟ ಬಿಡುತ್ತಾರೆ. ಬೆಲೆ ಏರಿಕೆ ಅಂದಕೂಡಲೇ ಸದನದಲ್ಲಿ ಒಂದು ಪಕ್ಷ ಇನ್ನೊಂದನ್ನು ಬೈಯುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ನಾನು ಕೇಳುತ್ತಿರುವುದು ಬೇರೆ. ಬೆಲೆ ಏರಿದಾಗಲೆಲ್ಲ ರಾತ್ರೋರಾತ್ರಿ ರಫ್ತು ನಿಲ್ಲಿಸುವ, ಸುಂಕ ಬದಲಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿಸಿ. ಇದರಿಂದ ತಿನ್ನುವವರಿಗೆ ಸಿಗುವುದು ಸ್ವಲ್ಪ, ಬೆಳೆಯುವವರು ಕಳೆದುಕೊಳ್ಳುವುದು ಜಾಸ್ತಿ. ನಮ್ಮ ಗುಲಾಬಿ ಈರುಳ್ಳಿಗೆ ಬಿದ್ದ ಪೆಟ್ಟೂ ಇದರಿಂದಲೇ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು 2022 ನೆನಪಿಸಿಕೊಳ್ಳಿ. ನಮ್ಮ ಕಡೆ ಅಡುಗೆಗೆ ಸೂರ್ಯಕಾಂತಿ ಎಣ್ಣೆಯೇ ಹೆಚ್ಚು. ದೇಶಕ್ಕೆ ಬರುತ್ತಿದ್ದ ಆ ಎಣ್ಣೆಯಲ್ಲಿ ಬಹುಪಾಲು ಉಕ್ರೇನ್ ಮತ್ತು ರಷ್ಯಾದ್ದು. ಫೆಬ್ರವರಿ 24ರಂದು ರಷ್ಯಾ ದಾಳಿ ಮಾಡಿತು, ಕಪ್ಪು ಸಮುದ್ರದ ಬಂದರುಗಳಲ್ಲಿ ಹಡಗು ನಿಂತವು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರತಿ ತಿಂಗಳು ಒಂದು ಬೆಲೆ ಸೂಚ್ಯಂಕ ಕೊಡುತ್ತದೆ. 2014-16ರ ಸರಾಸರಿಯನ್ನು 100 ಅಂತ ಹಿಡಿದರೆ, ಮಾರ್ಚ್ ತಿಂಗಳಲ್ಲಿ ಅದು 160ರ ಹತ್ತಿರ ಹೋಗಿ ದಾಖಲೆಯಾಯಿತು. ಏಪ್ರಿಲ್ 28ಕ್ಕೆ ಇಂಡೊನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಮೇ 13ಕ್ಕೆ ನಾವು ಗೋಧಿ ರಫ್ತು ನಿಲ್ಲಿಸಿದೆವು.

ಯುದ್ಧ ಒಂದೇ ಕಾರಣ ಅಲ್ಲ. ಅದಕ್ಕೂ ಮೊದಲೇ ಕೊರೊನಾ ಕಾಲದಲ್ಲಿ ಹಡಗಿನ ಬಾಡಿಗೆ ಏರಿತ್ತು. ಯೂರಿಯಾ ಮಾಡಲು ಬೇಕಾದ ಅನಿಲ ದುಬಾರಿಯಾಗಿತ್ತು. 2021ರಲ್ಲೇ ಚೀನಾ ಗೊಬ್ಬರ ರಫ್ತಿಗೆ ತಡೆ ಹಾಕಿತ್ತು. ಅಮೆರಿಕದಲ್ಲಿ ಬೆಳೆಯುವ ಮೆಕ್ಕೆಜೋಳದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗೆ ಹೋಗುತ್ತದೆ. ಇವುಗಳ ಮೇಲೆ ನಿಮಗಾಗಲಿ ನನಗಾಗಲಿ ಹಿಡಿತ ಇಲ್ಲ. ಆದರೆ ರಫ್ತು ನಿಷೇಧ ನಮ್ಮದೇ ಸರ್ಕಾರದ ಕೈಯಲ್ಲಿದೆ, ಅಲ್ವಾ?

ನಿಷೇಧದಿಂದ ಏನಾಗುತ್ತದೆ ಅನ್ನುವುದಕ್ಕೆ 2008 ಒಳ್ಳೆಯ ಸಾಕ್ಷಿ. ಆಗ ಜಗತ್ತಿನಲ್ಲಿ ಭತ್ತದ ಬೆಳೆ ಕಮ್ಮಿಯಾಗಿರಲಿಲ್ಲ. 2007ರ ಅಕ್ಟೋಬರ್‌ನಲ್ಲಿ ಭಾರತ ಅಕ್ಕಿ ರಫ್ತಿಗೆ ತಡೆ ಹಾಕಿತು, ಆಮೇಲೆ ವಿಯೆಟ್ನಾಂ ಹಾಕಿತು. ಹೆದರಿದ ಫಿಲಿಪ್ಪೀನ್ಸ್ ಸಿಕ್ಕ ಬೆಲೆಗೆ ಕೊಳ್ಳಲು ನಿಂತಿತು. ಟನ್‌ಗೆ 400 ಡಾಲರ್ ಒಳಗಿದ್ದ ಥಾಯ್ ಅಕ್ಕಿ ಕೆಲವೇ ತಿಂಗಳಲ್ಲಿ 1,000 ಡಾಲರ್ ಮುಟ್ಟಿತು. ಕೊನೆಗೆ ಜಪಾನ್ ತನ್ನ ಗೋದಾಮಿನಲ್ಲಿದ್ದ ಆಮದು ಅಕ್ಕಿಯನ್ನು ಹೊರಗೆ ಕೊಡುವುದಾಗಿ ಹೇಳಿತು. ಅಕ್ಕಿ ಹಡಗು ಹತ್ತುವ ಮೊದಲೇ ಬೆಲೆ ಇಳಿಯತೊಡಗಿತು. ಏರಿಸಿದ್ದು ಹೆದರಿಕೆ. ಇಳಿಸಿದ್ದು ದಾಸ್ತಾನು ಇದೆ ಎಂಬ ನಂಬಿಕೆ.

ಇಷ್ಟಾದರೂ 2023ರ ಜುಲೈ 20ರಂದು ನಾವು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದೆವು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ನೂರಕ್ಕೆ ಸುಮಾರು 40 ಭಾಗ ನಮ್ಮದು. ಅಮೆರಿಕದ ಅಂಗಡಿಗಳಲ್ಲಿ ಸೋನಾ ಮಸೂರಿ ಚೀಲಕ್ಕೆ ನೂಕುನುಗ್ಗಲು ಆದದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು. ಆದರೆ ನಿಜವಾದ ಕಷ್ಟ ನಮ್ಮ ಅಕ್ಕಿಯನ್ನೇ ನಂಬಿದ್ದ ಆಫ್ರಿಕಾದ ಬಡ ದೇಶಗಳಿಗೆ. ಇಲ್ಲಿ ಅಕ್ಕಿ ಅಗ್ಗವಾಯಿತಾ? ಇಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರವೇ ‘ಭಾರತ್ ಅಕ್ಕಿ’ ಅಂತ ಕೆಜಿಗೆ 29 ರೂಪಾಯಿಯಂತೆ ಮಾರಬೇಕಾಗಿ ಬಂತು. ನಿಷೇಧ ಹೋದದ್ದು ಅದೇ ವರ್ಷದ ಸೆಪ್ಟೆಂಬರ್ 28ಕ್ಕೆ.

ಈಗ ನಿಮ್ಮ ಪಕ್ಕದ ಮನೆಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರು ಗುಲಾಬಿ ಈರುಳ್ಳಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಬೆಳೆ. ಗಡ್ಡೆ ಸಣ್ಣದು, ಬಣ್ಣ ಕಡುಗೆಂಪು, ಖಾರ ಜಾಸ್ತಿ. 2015ರಲ್ಲಿ ಇದಕ್ಕೆ ಭೌಗೋಳಿಕ ಗುರುತು (ಜಿಐ), ಅಂದರೆ ಇದು ಈ ಸೀಮೆಯದ್ದೇ ಬೆಳೆ ಅನ್ನುವ ಅಧಿಕೃತ ಮಾನ್ಯತೆ, ಸಿಕ್ಕಿತು. ನಮ್ಮ ಅಡುಗೆಮನೆಗಳಲ್ಲಿ ಇದರ ಬಳಕೆ ತೀರಾ ಕಮ್ಮಿ. ನನ್ನ ಮೆಸ್ಸಿನಲ್ಲೂ ಹೆಚ್ಚುವುದು ದಪ್ಪ ಈರುಳ್ಳಿಯನ್ನೇ. ಗುಲಾಬಿ ಈರುಳ್ಳಿ ಚೆನ್ನೈ ಬಂದರಿನ ಮೂಲಕ ಮಲೇಷ್ಯಾ, ಸಿಂಗಾಪುರದ ಕಡೆ ಹೋಗುತ್ತದೆ. ಅಂದರೆ ಇದನ್ನು ತಡೆದರೆ ದೆಹಲಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಯಾರ ತರಕಾರಿ ಖರ್ಚೂ ಇಳಿಯುವುದಿಲ್ಲ.

ಆದರೂ ತಡೆದರು. 2019ರ ಸೆಪ್ಟೆಂಬರ್ 29ರಂದು ಈರುಳ್ಳಿ ರಫ್ತು ಪೂರ್ತಿ ನಿಂತಿತು. ಗುಲಾಬಿ ಈರುಳ್ಳಿ ಬೇರೆ ಅಂತ ಒಪ್ಪಿ 9,000 ಟನ್‌ಗೆ ಅನುಮತಿ ಕೊಟ್ಟದ್ದು ಅಕ್ಟೋಬರ್ ಕೊನೆಗೆ. 2020ರ ಸೆಪ್ಟೆಂಬರ್ 14ಕ್ಕೆ ಮತ್ತೆ ನಿಷೇಧ, ಅಕ್ಟೋಬರ್‌ನಲ್ಲಿ ಮತ್ತೆ 10,000 ಟನ್‌ಗೆ ಅನುಮತಿ. 2023ರ ಆಗಸ್ಟ್ 19ಕ್ಕೆ ಎಲ್ಲ ಈರುಳ್ಳಿಗೂ 40 ಶೇಕಡಾ ರಫ್ತು ಸುಂಕ. ನಮ್ಮ ಈರುಳ್ಳಿಗೆ ವಿನಾಯಿತಿ ಬಂದದ್ದು ಸೆಪ್ಟೆಂಬರ್ 29ಕ್ಕೆ. ಪ್ರತಿ ಸಲವೂ ಸರ್ಕಾರ ತಪ್ಪನ್ನು ಒಪ್ಪಿತು. ಪ್ರತಿ ಸಲವೂ ಒಪ್ಪಲು ಹತ್ತಿರ ಹತ್ತಿರ ಒಂದು ತಿಂಗಳು ಅಥವಾ ಇನ್ನೂ ಜಾಸ್ತಿ ಹಿಡಿಯಿತು. ಕಿತ್ತ ಈರುಳ್ಳಿ ಅಷ್ಟು ದಿನ ಕಾಯುತ್ತದಾ? ಸಾಲ ಮಾಡಿ ಬೆಳೆದ ರೈತ ಕಾಯುತ್ತಾನಾ? ಅಲ್ಲಿಯ ಕೊಳ್ಳುವವರು ಬೇರೆ ದೇಶದ ಸರಕಿಗೆ ಹೋದರೆ ಮತ್ತೆ ಬರುತ್ತಾರೆ ಅನ್ನುವ ಖಾತ್ರಿ ಏನು? ಇದನ್ನು ಬರೆಯುವಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಇದು ಮಳೆಯಿಂದ ಬಂದ ಕಷ್ಟ ಅಲ್ಲ, ಯುದ್ಧದಿಂದ ಬಂದದ್ದೂ ಅಲ್ಲ. ಒಂದು ಆದೇಶದಲ್ಲಿ ಒಂದು ಸಾಲು ಸೇರಿಸಿದ್ದರೆ ತಪ್ಪುತ್ತಿತ್ತು.

‘ಮೊದಲು ನಮ್ಮ ಜನ ತಿನ್ನಲಿ, ಆಮೇಲೆ ರಫ್ತು’ ಅಂತ ನೀವು ಹೇಳಬಹುದು. ಆ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಒಣ ಆಗಸ್ಟ್. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಭಯ ಸುಳ್ಳಲ್ಲ. ಆದರೆ ಇಂಥ ಹೊತ್ತಿಗೆಂದೇ ಕೇಂದ್ರದ ಭಾರತೀಯ ಆಹಾರ ನಿಗಮದ ಗೋದಾಮುಗಳಿವೆ. ಅದೇ ವರ್ಷ ಜೂನ್‌ನಲ್ಲಿ ರಾಜ್ಯಗಳಿಗೆ ಅಲ್ಲಿಂದ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಜನರಿಗೆ ತಲಾ 170 ರೂಪಾಯಿ ಬಂತು. ಆ ದುಡ್ಡು ತೆಗೆದುಕೊಂಡು ಅವರು ಏರುತ್ತಿದ್ದ ಪೇಟೆಗೇ ಹೋಗಬೇಕಾಯಿತು. ಮುಂದೆ 2024-25ರಲ್ಲಿ ಅದೇ ನಿಗಮದ 52 ಲಕ್ಷ ಟನ್ ಅಕ್ಕಿಯನ್ನು ಎಥೆನಾಲ್‌ಗೆ ಕೊಡಲು ಒಪ್ಪಿಗೆಯಾಯಿತು. ಯಾವ ಪಕ್ಷ ಸರಿ ಅನ್ನುವ ಜಗಳ ನನಗೆ ಬೇಡ. ಯಾವ ಬೆಲೆ ಮುಟ್ಟಿದರೆ ಗೋದಾಮಿನಿಂದ ಎಷ್ಟು ಅಕ್ಕಿ ಹೊರಬರುತ್ತದೆ ಅನ್ನುವುದು ಮೊದಲೇ ಬರೆದಿಟ್ಟ ನಿಯಮವಾಗಲಿ. ಆಗ ವ್ಯಾಪಾರಿ ಮುಚ್ಚಿಡುವ ಮೊದಲು ಯೋಚಿಸುತ್ತಾನೆ.

ಎಣ್ಣೆಯದು ಇನ್ನೂ ದೊಡ್ಡ ಕಥೆ. 1986ರಲ್ಲಿ ಎಣ್ಣೆಕಾಳಿನ ಮಿಷನ್ ಶುರುವಾಗಿ, 90ರ ದಶಕದ ಮೊದಲಿಗೆ ನಾವು ಹೆಚ್ಚು ಕಡಿಮೆ ಸ್ವಾವಲಂಬಿ ಆಗಿದ್ದೆವು. ಆಮೇಲೆ ಅಗ್ಗದ ಆಮದಿಗೆ ದಾರಿ ಬಿಟ್ಟೆವು. ಈಗ ಅರ್ಧಕ್ಕಿಂತ ಹೆಚ್ಚು ಎಣ್ಣೆ ಹೊರಗಿನದು. ಸೂರ್ಯಕಾಂತಿಯಲ್ಲಿ ಕರ್ನಾಟಕವೇ ಮುಂದು, ಆದರೆ ದೇಶದಲ್ಲಿ 20 ಲಕ್ಷ ಹೆಕ್ಟೇರ್ ದಾಟಿದ್ದ ಬೆಳೆ ಇವತ್ತು ಅದರ ಕಾಲು ಭಾಗವೂ ಇಲ್ಲ. ಕಚ್ಚಾ ಅಡುಗೆ ಎಣ್ಣೆಯ ಮೂಲ ಆಮದು ಸುಂಕವನ್ನು 2024ರ ಸೆಪ್ಟೆಂಬರ್‌ನಲ್ಲಿ ಸೊನ್ನೆಯಿಂದ 20 ಶೇಕಡಾಕ್ಕೆ ಏರಿಸಿದರು, 2025ರ ಮೇ ಕೊನೆಗೆ 10ಕ್ಕೆ ಇಳಿಸಿದರು. ಹೀಗೆ ಒಂಬತ್ತು ತಿಂಗಳೊಳಗೆ ಲೆಕ್ಕ ತಿರುಗಿದರೆ ಕೊಪ್ಪಳದ, ಗದಗದ ರೈತ ಯಾವ ಧೈರ್ಯದ ಮೇಲೆ ಬಿತ್ತಬೇಕು? 2024ರಲ್ಲಿ ಒಪ್ಪಿದ ಎಣ್ಣೆಕಾಳಿನ ಹೊಸ ಮಿಷನ್‌ಗೆ 10,103 ಕೋಟಿ ರೂಪಾಯಿ ಇದೆ, 2030-31ರವರೆಗೆ. ಅದರಲ್ಲಿ ನಮ್ಮ ಸೂರ್ಯಕಾಂತಿಗೆ ಎಷ್ಟು, ಚಳ್ಳಕೆರೆ ಪಾವಗಡದ ಶೇಂಗಾಕ್ಕೆ ಎಷ್ಟು ಬಂತು ಅಂತ ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಹಾಕಿ. ಉತ್ತರ ಬಂದೇ ಬರುತ್ತದೆ.

ರಾಗಿಯ ಬಗ್ಗೆ ಒಂದೇ ಮಾತು. ಕಪ್ಪು ಸಮುದ್ರದಲ್ಲಿ ಏನೇ ಆದರೂ ಅಷ್ಟಾಗಿ ಅಲುಗಾಡದ ಬೆಳೆ ಅದು. 2025-26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ನಿಗದಿಯಾಗಿತ್ತು. ಖರೀದಿ ಕೇಂದ್ರ ಕಣದ ಕೆಲಸ ಮುಗಿಯುವ ಹೊತ್ತಿಗೆ ತೆರೆದಿರಲಿ, ದುಡ್ಡು ಬೇಗ ಬರಲಿ, ಸಾಕು.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಈರುಳ್ಳಿಯ ಕೆಲಸ. ಮುಂದೆ ಯಾವುದೇ ಈರುಳ್ಳಿ ನಿಷೇಧ ಅಥವಾ ರಫ್ತು ಸುಂಕ ಬಂದರೂ ಬೆಂಗಳೂರು ಗುಲಾಬಿ ಈರುಳ್ಳಿಗೆ ಮೊದಲ ದಿನದಿಂದಲೇ ವಿನಾಯಿತಿ ಇರುವಂತೆ ಕಾಯಂ ಆದೇಶ ಬೇಕು. ನೀವು ನಾಲ್ವರೂ, ಚಿಕ್ಕಬಳ್ಳಾಪುರ ಮತ್ತು ಕೋಲಾರದ ಸಂಸದರನ್ನೂ ಸೇರಿಸಿಕೊಂಡು, ಪಕ್ಷ ನೋಡದೆ ಒಂದೇ ಪತ್ರಕ್ಕೆ ಸಹಿ ಮಾಡಿ ವಾಣಿಜ್ಯ ಸಚಿವಾಲಯಕ್ಕೆ ಕೊಡಿ. ಮುಂದಿನ ಅಧಿವೇಶನ ಶುರುವಾಗುವ ಮೊದಲೇ ಕೊಡಿ. ಅದರ ಪ್ರತಿಯನ್ನು ಜನ ನೋಡುವ ಹಾಗೆ ಪ್ರಕಟಿಸಿ.

ಇಂತಿ ನಿಮ್ಮ ಮತದಾರ,
ಯಶವಂತಪುರದ ಒಬ್ಬ ಮೆಸ್ ಮಾಲೀಕ