ಅಡಿಟಿಪ್ಪಣಿಯಲ್ಲಿ ಸಿಕ್ಕ ಬೇಲಿ

ಪ್ರೀತಿಯ ತಂಗಿ,

ಉಪ್ಪಿನ ಮೇಲೆ ನೀನು ಬರೆದ ಲೇಖನ ಎರಡು ಸಲ ಓದಿದೆ. ರೋಮ್, ಚೀನಾ, ದಂಡಿ ಎಲ್ಲ ಬಂದಿದೆ. ನಿಮ್ಮ ಅಜ್ಜಿ ಉಪ್ಪು ಇಡುತ್ತಿದ್ದ ಮರದ ಪಾತ್ರೆ, ಆ ಮರಿಗೆ, ಮಾತ್ರ ಒಂದೇ ಸಾಲಿನಲ್ಲಿ ಬಂದು ಹೋಗಿಬಿಟ್ಟಿತು. ನಾನು ಅಲ್ಲೇ ಕೂತುಬಿಟ್ಟೆ. ನೀನೂ ಅಲ್ಲೇ ಕೂರಬೇಕಿತ್ತು.

ಮೊನ್ನೆ ರಾಯ್ ಮಾಕ್ಸಂ ಅವರ ‘ದಿ ಗ್ರೇಟ್ ಹೆಡ್ಜ್ ಆಫ್ ಇಂಡಿಯಾ’ ಓದಿದೆ. 2001ರಲ್ಲಿ ಬಂದದ್ದು. ಮಾಕ್ಸಂ ಅವರ ಕೆಲಸ ಹಳೆ ಪುಸ್ತಕ, ಕಾಗದಪತ್ರ ಕೆಡದಂತೆ ಕಾಪಾಡುವುದಾಗಿತ್ತು. ಲಂಡನ್ನಿನ ಅಂಗಡಿಯಲ್ಲಿ ಕೊಂಡ ಹಳೆ ಪುಸ್ತಕವೊಂದರ ಅಡಿಟಿಪ್ಪಣಿಯಲ್ಲಿ ಅವರಿಗೆ ಒಂದು ಬೇಲಿ ಸಿಕ್ಕಿತು. ಸುಂಕ ಕಟ್ಟದ ಉಪ್ಪು ಒಳಗೆ ಬಾರದಿರಲಿ ಎಂದು ಬ್ರಿಟಿಷರು ಬೆಳೆಸಿದ ಬೇಲಿ. ಸುಂಕದ ಗಡಿ ಸಿಂಧೂ ನದಿಯಿಂದ ಒಡಿಶಾದವರೆಗೆ ಸುಮಾರು 3,700 ಕಿ.ಮೀ. ಇತ್ತು. ಕಾಯಲು 12,000ದಷ್ಟು ಜನ. ಗಡಿಯ ಉದ್ದಕ್ಕೂ ಎಷ್ಟೋ ಕಡೆ ಜಾಲಿ, ಬೋರೆ, ಕವಳಿ, ಪಾಪಾಸುಕಳ್ಳಿ ನೆಟ್ಟಿದ್ದರು. ಚೆನ್ನಾಗಿ ಹಬ್ಬಿದ ಕಡೆ ಅದು ಹತ್ತು ಅಡಿಗೂ ಎತ್ತರ. 1867ರಿಂದ ಮೂರು ವರ್ಷ ಇದರ ಉಸ್ತುವಾರಿ ನೋಡಿದವರು ಬ್ರಿಟಿಷ್ ಅಧಿಕಾರಿ ಎ. ಓ. ಹ್ಯೂಮ್. ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟಲು ಮುಂದಾದ ಅದೇ ಹ್ಯೂಮ್! ನಾನು ಆ ಪುಟವನ್ನು ಮತ್ತೆ ಮತ್ತೆ ಓದಿದೆ.

1879ರಲ್ಲಿ ಆ ಗಡಿ ತೆಗೆದರು. ಬೇಲಿ ಜನರ ನೆನಪಿನಿಂದಲೂ ಹೋಯಿತು. ಮಾಕ್ಸಂ ಹಳೆ ನಕಾಶೆ ಹುಡುಕಿದರು, ಮೂರು ಸಲ ಭಾರತಕ್ಕೆ ಬಂದರು, ಹಳ್ಳಿಗಳಲ್ಲಿ ಕೇಳುತ್ತಾ ಅಲೆದರು. ಕೊನೆಗೆ 1998ರಲ್ಲಿ ಉತ್ತರ ಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಸಿಕ್ಕಿದ್ದು ಮುಳ್ಳುಗಿಡ ಬೆಳೆದ ಒಂದು ತುಂಡು ಮಣ್ಣಿನ ದಿಬ್ಬ. ಅಷ್ಟೇ. ಆದರೆ ಅಲ್ಲಿಗೆ ಬರುವ ಹೊತ್ತಿಗೆ ಒಂದು ಹಿಡಿ ಉಪ್ಪಿಗೆ ಬಡವರು ಎಷ್ಟು ತೆತ್ತಿದ್ದರು ಅಂತ ನಮಗೆ ಗೊತ್ತಾಗಿರುತ್ತದೆ, ಹೊಟ್ಟೆ ಉರಿಯುತ್ತದೆ.

ಮಾಕ್ಸಂ ಹಿಡಿದದ್ದು ಒಂದೇ ಎಳೆ, ಅಲ್ವಾ? ನೀನು ಹತ್ತು ಹಿಡಿದೆ. ರೋಮ್ ಬಿಡು, ಚೀನಾ ಬಿಡು. ಮರಿಗೆಯ ಹತ್ತಿರ ಹೋಗು. ನಮ್ಮ ಮನೆಯಲ್ಲೂ ಒಂದಿತ್ತು. ಮಳೆಗಾಲದಲ್ಲಿ ಉಪ್ಪು ನೀರಾಗುತ್ತಿತ್ತು, ಮರಿಗೆ ಹೊರಗಡೆಯೂ ಬೆವರುತ್ತಿತ್ತು. ಬೇಸಿಗೆಯಲ್ಲಿ ಅಂಚಿಗೆಲ್ಲ ಬಿಳಿ ಪುಡಿ. ಅಮ್ಮ ಒಲೆಯ ಹತ್ತಿರವೇ ಇಡುತ್ತಿದ್ದಳು. ಇಂಥದ್ದನ್ನು ಬರೆ. ಸುಮ್ನೆ ‘ಹಳೆ ಕಾಲದ ಪಾತ್ರೆ’ ಅನ್ನಬೇಡ. ಎಷ್ಟು ಅಗಲ, ಎಷ್ಟು ಆಳ, ಯಾವ ಮರ, ಯಾರು ಕಡೆದರು?

ಬೇಸಿಗೆಯಲ್ಲಿ ಗೋಕರ್ಣದ ಹತ್ತಿರ ಸಾಣಿಕಟ್ಟೆಗೆ ಹೋಗಿ ಬಾ. ಉಪ್ಪಿನ ಆಗರದ ಬದುವಿನ ಮೇಲೆ ನಡೆದು ನೋಡು. ಅಲ್ಲಿ ಕೆಲಸ ಮಾಡುವವರ ಅಂಗಾಲು ನೋಡು, ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೋ. ಅಂಕೋಲೆಯೂ ದೂರವಿಲ್ಲ. 1930ರ ಏಪ್ರಿಲ್‌ನಲ್ಲಿ ಉಪ್ಪಿನ ಕಾನೂನು ಮುರಿದ ಊರು ಅದು.

ಅದಕ್ಕೂ ಮೊದಲು ಅಜ್ಜಿಯನ್ನು ಕೇಳು: ಉಪ್ಪು ಮನೆಗೆ ತರುತ್ತಿದ್ದವರು ಯಾರು, ಗಾಡಿಯಲ್ಲೋ ತಲೆಹೊರೆಯಲ್ಲೋ, ದುಡ್ಡು ಕೊಟ್ಟರೋ ಭತ್ತ ಅಳೆದರೋ? ಅವರಿಗೆ ಎಂಬತ್ತೆಂಟು ಅಂತ ಬರೆದಿದ್ದೀಯಲ್ಲ. ಈ ಭಾನುವಾರವೇ ಹೋಗು.

ಪ್ರೀತಿಯಿಂದ,
ನಿನ್ನ ಅಕ್ಕ