ಸೈಕಲ್ಲಿಗೆ ಭಾರ ಕಟ್ಟಿ ಘಟ್ಟ ಇಳಿಯುವುದು ಬೇಡ

ಮಾನ್ಯ ಸಂಪಾದಕರೇ,

ಸೈಕಲ್ ಸ್ಪರ್ಧೆಗಳಿಗೆ ಸಿದ್ಧರಾಗುತ್ತಿರುವ ಹುಡುಗರು ಕ್ಯಾರಿಯರಿಗೆ ಮರಳಿನ ಚೀಲವನ್ನೋ ಇಟ್ಟಿಗೆಗಳನ್ನೋ ಬಿಗಿದುಕೊಂಡು, ಬೆಳಗಿನ ಜಾವ ಶಿರಸಿಯಿಂದ ದೇವಿಮನೆ ಘಟ್ಟದ ಕಡೆಗೆ ಹೊರಡುವುದನ್ನು ಈಚೆಗೆ ಮತ್ತೆ ಮತ್ತೆ ನೋಡುತ್ತಿದ್ದೇನೆ. ಭಾರ ಹೊತ್ತು ತುಳಿದರೆ ಕಾಲಿಗೆ ಬಲ ಬರುತ್ತದೆ, ಸ್ಪರ್ಧೆಯ ದಿನ ಆ ಭಾರ ತೆಗೆದಾಗ ಸೈಕಲ್ ಹಾರಿದಂತೆ ಓಡುತ್ತದೆ ಎಂಬುದು ಅವರ ನಂಬಿಕೆ. ಮೂರು ದಶಕ ದೈಹಿಕ ಶಿಕ್ಷಕನಾಗಿದ್ದ ನಾನೂ ಒಂದು ಕಾಲದಲ್ಲಿ ಇದನ್ನೇ ನಂಬಿದ್ದೆ. ಮಕ್ಕಳಿಗೆ ಹೇಳಿಕೊಟ್ಟೂ ಇದ್ದೆ. ಆದ್ದರಿಂದ ಅದು ಏಕೆ ತಪ್ಪು ಎಂದು ಬಹಿರಂಗವಾಗಿ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಲೆಕ್ಕವನ್ನೇ ನೋಡೋಣ. 65 ಕೆ.ಜಿ. ತೂಕದ ಹುಡುಗ 12 ಕೆ.ಜಿ.ಯ ಸೈಕಲ್ ಮೇಲೆ 400 ಮೀಟರ್ ಎತ್ತರವನ್ನು ಏರುತ್ತಾನೆ ಎಂದಿಟ್ಟುಕೊಳ್ಳಿ. ಗಾಳಿಯ ತಡೆಯನ್ನೂ ಚಕ್ರದ ಘರ್ಷಣೆಯನ್ನೂ ಬದಿಗಿಟ್ಟರೆ, 150 ವಾಟ್ ಶಕ್ತಿಯಲ್ಲಿ ತುಳಿಯುವ ಅವನಿಗೆ ತುದಿ ಮುಟ್ಟಲು ಸುಮಾರು ಮೂವತ್ತಮೂರೂವರೆ ನಿಮಿಷ ಬೇಕು. ಹತ್ತು ಕೆ.ಜಿ. ಮರಳು ಕಟ್ಟಿಕೊಂಡು ಅಷ್ಟೇ ಶಕ್ತಿಯಲ್ಲಿ ತುಳಿದರೆ ಸುಮಾರು ಮೂವತ್ತೆಂಟು ನಿಮಿಷ ಹಿಡಿಯುತ್ತದೆ. ಅಂದರೆ ಅವನು ನಿಧಾನವಾದನೇ ಹೊರತು ಅವನ ಸ್ನಾಯುಗಳು ನಿಮಿಷಕ್ಕೆ ಮಾಡಿದ ಕೆಲಸದಲ್ಲಿ ಎಳ್ಳಷ್ಟೂ ಹೆಚ್ಚಾಗಲಿಲ್ಲ. ಭಾರ ಹೊತ್ತೂ ಮೊದಲಿನ ಸಮಯದಲ್ಲೇ ಏರಬೇಕೆಂದರೆ ಸುಮಾರು 170 ವಾಟ್ ಬೇಕು, ನಿಜ. ಆದರೆ ಅದೇ 170 ವಾಟ್‌ನಲ್ಲಿ ಬರಿಯ ಸೈಕಲ್ ತುಳಿದರೆ ಘಟ್ಟ ಮೂವತ್ತು ನಿಮಿಷದೊಳಗೆ ಮುಗಿಯುತ್ತದೆ. ಹೃದಯಕ್ಕೂ ತೊಡೆಗೂ ಆಗುವ ದುಡಿತ ಎರಡರಲ್ಲೂ ಒಂದೇ. ಒಂದು ಹಲ್ಲು ಗಟ್ಟಿ ಗೇರ್ ಹಾಕಿ ವೇಗವಾಗಿ ಏರುವುದರಿಂದ ಸಿಗುವುದನ್ನೇ ಮರಳಿನ ಚೀಲದಿಂದ ಪಡೆಯಲು ಹೋಗುವುದರಲ್ಲಿ ಏನು ಲಾಭವಿದೆ ಎಂದು ನಾನು ಹುಡುಗರನ್ನು ಕೇಳಬಯಸುತ್ತೇನೆ. ಸ್ಪರ್ಧೆಯಲ್ಲಿ ಬೇಕಾಗುವುದು ಆ ವೇಗದಲ್ಲಿ ಕಾಲು ತಿರುಗಿಸುವ ಅಭ್ಯಾಸವೇ ಆಗಿದ್ದು, ಭಾರ ಕಟ್ಟಿದವನಿಗೆ ನಿಧಾನವಾಗಿ ತುಳಿಯುವುದೇ ರೂಢಿಯಾಗಿಬಿಡುತ್ತದೆ.

ಕರಾವಳಿಯ ಸಮತಟ್ಟು ರಸ್ತೆಯಲ್ಲಂತೂ ಭಾರಕ್ಕೆ ಅರ್ಥವೇ ಇಲ್ಲ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೆ ಖರ್ಚಾಗುತ್ತದೆ, ಹತ್ತು ಕೆ.ಜಿ. ಹೆಚ್ಚಾದರೆ ಅಲ್ಲಿ ಬೀಳುವ ಹೊರೆ ಐದಾರು ವಾಟ್‌ನಷ್ಟು ಮಾತ್ರ. ಕಾರವಾರದ ಕಡೆಯ ಹುಡುಗರಿಗೆ ಮಧ್ಯಾಹ್ನದ ಮೇಲೆ ಸಮುದ್ರದಿಂದ ಬೀಸುವ ಗಾಳಿಗೆ ಎದುರಾಗಿ ತುಳಿಯುವುದಕ್ಕಿಂತ ಒಳ್ಳೆಯ ವ್ಯಾಯಾಮ ಬೇರೆ ಬೇಕಿಲ್ಲ.

ನನ್ನ ಆತಂಕವಿರುವುದು ಇಳಿಜಾರಿನ ಬಗ್ಗೆ. ಕುಮಟಾದ ಕಡೆಯಿಂದ ಬರುವವರು ಮೊದಲು ಏರಿ ಆಮೇಲೆ ಇಳಿದರೆ, ನಮ್ಮ ಶಿರಸಿಯ ಹುಡುಗರು ಮೊದಲು ಕಟಗಾಲದ ಕಡೆಗೆ ಇಳಿದು ಬಳಿಕ ಏರಬೇಕು. ಕಾಲಿಗೆ ಬಲ ಬರಲೆಂದು ಕಟ್ಟಿಕೊಂಡ ಭಾರ ಇಳಿಯುವಾಗ ಕಾಲಿಗೆ ಏನನ್ನೂ ಕೊಡುವುದಿಲ್ಲ, ಸೈಕಲ್ಲಿನ ಓಟವನ್ನು ಮಾತ್ರ ಹೆಚ್ಚಿಸುತ್ತದೆ. 1953ರ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಝಾನ್ ರೋಬಿಕ್ ಎಂಬ ಹಗುರ ಮೈಕಟ್ಟಿನ ಸವಾರ ಬೆಟ್ಟದ ತುದಿಯಲ್ಲಿ ಸೀಸ ತುಂಬಿದ ಬಾಟಲಿಯನ್ನು ತೆಗೆದುಕೊಂಡದ್ದು ಇದಕ್ಕಾಗಿಯೇ. ಏರುವಾಗ ಹಗುರವಾಗಿರಬೇಕು, ಇಳಿಯುವಾಗ ತೂಕವಿದ್ದರೆ ವೇಗ ಹೆಚ್ಚು ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಹುಡುಗರಿಗೆ ಇಳಿಯುವಾಗ ಬೇಕಾಗಿರುವುದು ಹಿಡಿತ. ಒಟ್ಟು ತೂಕ 77ರಿಂದ 87 ಕೆ.ಜಿ.ಗೆ ಏರಿದರೆ ಬ್ರೇಕ್ ರಬ್ಬರು ನುಂಗಬೇಕಾದ ಶಕ್ತಿಯೂ ಅದೇ ಪ್ರಮಾಣದಲ್ಲಿ, ಅಂದರೆ ಶೇಕಡ 13ರಷ್ಟು ಹೆಚ್ಚುತ್ತದೆ. ಮಳೆಗಾಲದಲ್ಲಿ ರಿಮ್ ಒದ್ದೆಯಾಗಿದ್ದಾಗ ಬ್ರೇಕ್ ಒತ್ತಿದರೂ ಚಕ್ರ ಕೆಲವು ಸುತ್ತು ತಿರುಗಿದ ಮೇಲಷ್ಟೇ ಹಿಡಿತ ಸಿಗುತ್ತದೆ. ತಿರುವು ಅಷ್ಟರವರೆಗೆ ಕಾಯುವುದಿಲ್ಲ.

ಹಲವು ವರ್ಷಗಳ ಹಿಂದೆ ನನ್ನದೇ ಮಾತು ಕೇಳಿ ಎಂಟು ಕೆ.ಜಿ. ಮರಳಿನ ಚೀಲ ಕಟ್ಟಿಕೊಂಡು ಹೋದ ಹತ್ತನೇ ತರಗತಿಯ ವಿದ್ಯಾರ್ಥಿಯೊಬ್ಬ ಘಟ್ಟದ ತಿರುವೊಂದರಲ್ಲಿ ಬಿದ್ದ. ರಸ್ತೆಯ ಕುಲುಕಾಟಕ್ಕೆ ಹಗ್ಗ ಸಡಿಲಗೊಂಡು ಚೀಲ ಒಂದು ಬದಿಗೆ ಜಾರಿತ್ತು. ಹಿಂದಿನ ಚಕ್ರ ಎಳೆದಂತಾಗಿ ಅವನು ಚರಂಡಿಯ ಕಡೆಗೆ ಉರುಳಿದ. ಎದುರಿನಿಂದ ಆಗ ಯಾವ ವಾಹನವೂ ಬರಲಿಲ್ಲ ಎಂಬುದೊಂದೇ ಪುಣ್ಯ. ಭುಜದ ಎಲುಬು ಮುರಿದು ಆ ವರ್ಷದ ಸ್ಪರ್ಧೆಯೂ ತಪ್ಪಿತು, ಪರೀಕ್ಷೆಯ ಸಿದ್ಧತೆಯೂ ಕೆಟ್ಟಿತು. ಅವನ ತಾಯಿ ನನ್ನನ್ನು ಒಂದು ಮಾತೂ ಆಡಲಿಲ್ಲ. ಆ ಮೌನವನ್ನು ನಾನು ಇಂದಿಗೂ ಮರೆತಿಲ್ಲ.

ಬೆಳೆಯುವ ವಯಸ್ಸಿನ ಮಕ್ಕಳ ಮೊಣಕಾಲಿನ ವಿಷಯವನ್ನೂ ಹೇಳಬೇಕು. ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟಂತಹ ಸೈಕಲ್‌ಗಳಿಗೆ ಗೇರ್ ಇಲ್ಲ, ಅವು ಹಗುರವೂ ಅಲ್ಲ. ಸಮತಟ್ಟಿನಲ್ಲಿ ನಿಮಿಷಕ್ಕೆ 80ರಿಂದ 90 ಸುತ್ತು ತುಳಿಯಬಲ್ಲ ಹುಡುಗನೂ ಅಂಥ ಸೈಕಲ್ಲಿನಲ್ಲಿ ಏರಿಗೆ ಬಂದಾಗ ಅದರ ಅರ್ಧಕ್ಕೆ ಇಳಿಯುತ್ತಾನೆ. ಪ್ರತಿ ತುಳಿತಕ್ಕೂ ಮೊಣಕಾಲಿನ ಚಿಪ್ಪಿನ ಮೇಲೆ ಬೀಳುವ ಒತ್ತಡ ಅಷ್ಟಕ್ಕಷ್ಟು ಹೆಚ್ಚುತ್ತದೆ. ಅದರ ಮೇಲೆ ಮರಳನ್ನೂ ಕಟ್ಟಿಸುವುದು ಮಗುವಿಗೆ ಮಾಡುವ ಅನ್ಯಾಯ. ಸೀಟು ತಗ್ಗಿದ್ದರೆ ನೋವು ಇನ್ನೂ ಬೇಗ ಬರುತ್ತದೆ. ಸೀಟಿನ ಎತ್ತರ ಸರಿಪಡಿಸಿ ಟೈರಿಗೆ ಸರಿಯಾಗಿ ಗಾಳಿ ತುಂಬಿಸಿದರೆ ಅರ್ಧ ಸಮಸ್ಯೆ ಅಲ್ಲೇ ತೀರುವುದನ್ನು ನಾನು ಎಷ್ಟೋ ಮಕ್ಕಳಲ್ಲಿ ಕಂಡಿದ್ದೇನೆ.

ಭಾರ ಕಟ್ಟಿ ಅಭ್ಯಾಸ ಮಾಡುವುದು ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಬಟ್ಟೆಬರೆ, ಅಡುಗೆ ಸಾಮಾನು ಹೇರಿಕೊಂಡು ವಾರಗಟ್ಟಲೆ ಪ್ರವಾಸ ಹೊರಡುವವರಿಗೆ ಹೊರೆಯ ಸೈಕಲ್ ಹೇಗೆ ಓಲಾಡುತ್ತದೆ, ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬ ಅರಿವು ಮೊದಲೇ ಇರಬೇಕು. 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ಬ್ರೆವೆ ಸವಾರಿಗೆ ಹೋಗುವವರೂ ತಾವು ಅಂದು ಒಯ್ಯುವ ಸಾಮಾನಿನೊಂದಿಗೇ ಒಂದೆರಡು ಸಲ ತುಳಿದು ನೋಡುವುದು ಒಳ್ಳೆಯದು. ಅಂಥವರು ಹೊರೆಯನ್ನು ಹಿಂದಿನ ಚಕ್ರದ ಎರಡೂ ಬದಿಗೆ ಸಮನಾಗಿ, ಆದಷ್ಟು ತಗ್ಗಿನಲ್ಲಿ ಕಟ್ಟಬೇಕು. ಹಗ್ಗದ ತುದಿ ಜೋತಾಡದಂತೆ ಎಚ್ಚರ ವಹಿಸಬೇಕು, ಹಿಂದಿನ ಚಕ್ರದ ಕಡ್ಡಿಗಳು ಸಡಿಲಾಗಿವೆಯೇ ಎಂದು ಪ್ರತಿದಿನ ನೋಡಿಕೊಳ್ಳಬೇಕು.

ಇಷ್ಟು ಹೇಳಿದ ಮೇಲೂ ಭಾರ ಬೇಕೇ ಬೇಕು ಎನ್ನುವ ವಯಸ್ಕ ಸವಾರರಿಗೆ ನೀರಿನ ಕ್ಯಾನ್ ಮರಳಿಗಿಂತ ಮೇಲು. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ.; ತೂಗುವ ಗೊಡವೆಯಿಲ್ಲ. ಶಿರಸಿಯವರು ಖಾಲಿ ಕ್ಯಾನ್‌ನೊಂದಿಗೆ ಘಟ್ಟ ಇಳಿದು ಕೆಳಗೆ ನೀರು ತುಂಬಿಸಿಕೊಂಡು ಏರಲಿ. ಕುಮಟಾದವರು ಕೆಳಗೆ ತುಂಬಿಸಿಕೊಂಡು ಬಂದು ಮೇಲೆ ಯಾವುದಾದರೂ ಗಿಡದ ಬುಡಕ್ಕೆ ಸುರಿದು ಹಗುರವಾಗಿ ಇಳಿಯಲಿ. ಕ್ಯಾನ್ ಅರೆಬರೆ ತುಂಬಿದ್ದರೆ ಒಳಗೆ ನೀರು ತುಳುಕಾಡಿ ಸೈಕಲ್ ಅಲುಗುತ್ತದೆ, ಆದ್ದರಿಂದ ಕಂಠದವರೆಗೆ ತುಂಬಿಸಬೇಕು.

ಜಿಲ್ಲೆಯ ದೈಹಿಕ ಶಿಕ್ಷಕರಲ್ಲಿ ಮತ್ತು ಹುಡುಗರಿಗೆ ತರಬೇತಿ ಕೊಡುತ್ತಿರುವ ಹಿರಿಯ ಸವಾರರಲ್ಲಿ ನನ್ನ ವಿನಂತಿ ಇಷ್ಟೇ: ಶಾಲಾ ಮಕ್ಕಳ ಸೈಕಲ್ಲಿಗೆ ಅಭ್ಯಾಸದ ಹೆಸರಿನಲ್ಲಿ ಭಾರ ಕಟ್ಟಿಸಬೇಡಿ, ಈಗಾಗಲೇ ಕಟ್ಟಿಸುತ್ತಿದ್ದರೆ ನಾಳೆಯ ಬೆಳಗಿನ ಸವಾರಿಗೆ ಮೊದಲೇ ಬಿಚ್ಚಿಸಿ. ಅದರ ಬದಲು ಐದು ನಿಮಿಷ ಜೋರಾಗಿ ಏರಿ ಐದು ನಿಮಿಷ ಸುಧಾರಿಸಿಕೊಳ್ಳುವ ಕ್ರಮವನ್ನು ವಾರಕ್ಕೆ ಎರಡು ದಿನ ಮಾಡಿಸಿ, ಪ್ರತಿ ಸಲ ಏರಲು ಹಿಡಿದ ಸಮಯವನ್ನು ಅವರ ಕೈಯಿಂದಲೇ ಪುಸ್ತಕದಲ್ಲಿ ಬರೆಸಿ. ಪಾಲಕರೂ ಒಮ್ಮೆ ಮಗನ ಸೈಕಲ್ಲಿನ ಕ್ಯಾರಿಯರನ್ನು ನೋಡಿ, ಬ್ರೇಕ್ ರಬ್ಬರು ಎಷ್ಟು ಸವೆದಿದೆ ಎಂದು ಪರೀಕ್ಷಿಸಬೇಕಾಗಿ ಕೋರುತ್ತೇನೆ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕ, ಶಿರಸಿ