ಭತ್ತದ ನಾಟಿ ಮತ್ತು ನೀರಿನ ಕ್ರಮ: ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ,

ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಕಟ್ಟು ಪದ್ಧತಿಯಂತೆ (ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿ) ನೀರು ಪಡೆದು ನಾಟಿ ಮಾಡುವವರು ಮೊದಲು ಗದ್ದೆಯನ್ನು ಸಮತಟ್ಟು ಮಾಡಿಕೊಳ್ಳಬೇಕೆಂದು ಕೋರುತ್ತೇವೆ. ಏರುತಗ್ಗು ಉಳಿದರೆ ಒಂದು ಮೂಲೆ ಒಣಗುವಾಗ ಇನ್ನೊಂದು ಮೂಲೆಯಲ್ಲಿ ನೀರು ನಿಂತಿರುತ್ತದೆ. ಆಗ ನೀರು ಉಳಿಸುವ ಯಾವ ಕ್ರಮವೂ ಫಲಿಸದು.

ಒಟ್ಲಿನಿಂದ (ಸಸಿ ಮಡಿಯಿಂದ) 21ರಿಂದ 25 ದಿನಗಳ ಪೈರನ್ನು ಬೇರು ಹರಿಯದಂತೆ ಕಿತ್ತು, ಗುಣಿಗೆ ಎರಡು ಮೂರರಂತೆ, 3 ಸೆಂ.ಮೀ.ಗಿಂತ ಆಳಕ್ಕೆ ಹೋಗದಂತೆ ನೆಡಬೇಕು. ಆಳಕ್ಕೆ ನೆಟ್ಟ ಪೈರು ತೆಂಡೆ (ಬುಡದ ಕವಲು) ಒಡೆಯಲು ತಡವಾಗುತ್ತದೆ. ನಾಟಿಯಾದ ಮೊದಲ ಎರಡು ವಾರ ತೆಳುವಾಗಿ ನೀರು ನಿಲ್ಲಿಸಿರಿ. ಕಳೆ ಹತೋಟಿಗೆ ಇದು ಅಗತ್ಯ.

ಅನಂತರ ನೀರನ್ನು ಇಂಗಲು ಬಿಟ್ಟು ಮತ್ತೆ ಹಾಯಿಸುವ ಕ್ರಮ ಅನುಸರಿಸಬಹುದು. ಸುಮಾರು 35 ಸೆಂ.ಮೀ. ಉದ್ದದ ಅಗಲವಾದ ಪಿವಿಸಿ ಪೈಪಿನ ಕೆಳಗಿನ 20 ಸೆಂ.ಮೀ. ಭಾಗಕ್ಕೆ ಸುತ್ತಲೂ ತೂತು ಕೊರೆದು, ಆ ಭಾಗವನ್ನು ಬದುವಿನ ಸಮೀಪ ಮಣ್ಣಿಗೆ ಇಳಿಸಿ, ಒಳಗಿನ ಮಣ್ಣನ್ನು ತೆಗೆದುಬಿಡಿ. ಪೈಪಿನೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗೆ ಇಳಿದಾಗ ಮಾತ್ರ 5 ಸೆಂ.ಮೀ. ನಿಲ್ಲುವಷ್ಟು ನೀರು ಹಾಯಿಸಿರಿ. ಮೇಲ್ಮಣ್ಣಿನಲ್ಲಿ ಸಣ್ಣ ಬಿರುಕು ಕಂಡರೆ ಗಾಬರಿಯಾಗುವ ಅಗತ್ಯವಿಲ್ಲ, ಏಕೆಂದರೆ ಬೇರಿನ ಸುತ್ತ ಆಗಲೂ ತೇವವಿರುತ್ತದೆ. ಆದರೆ ಹೊಡೆ (ತೆನೆ) ಹೊರಡುವ ಮತ್ತು ಹೂ ಬಿಡುವ ದಿನಗಳಲ್ಲಿ ಗದ್ದೆ ಒಣಗಲೇಬಾರದು. ಆಗ ಕೊರತೆಯಾದರೆ ಕಾಳು ಜೊಳ್ಳಾಗುತ್ತದೆ.

ನಾಲೆಯ ಕೊನೆಭಾಗದವರಿಗೆ ಪೈಪಿನ ಲೆಕ್ಕ ಪೂರ್ತಿ ಹೊಂದದು. ಮುಂದಿನ ಕಟ್ಟಿಗೆ ಹೆಚ್ಚು ದಿನಗಳಿದ್ದರೆ, ಪೈಪಿನಲ್ಲಿ ನೀರಿದ್ದರೂ ತಮ್ಮ ಸರದಿಯನ್ನು ಬಿಡದಿರುವುದೇ ಒಳಿತೆಂಬುದು ನಮ್ಮ ಅಭಿಪ್ರಾಯ. ಚೌಳು (ಉಪ್ಪು, ಕ್ಷಾರ ಹೆಚ್ಚಿರುವ) ಗದ್ದೆಯವರು ಕೃಷಿ ಅಧಿಕಾರಿಯನ್ನು ವಿಚಾರಿಸದೆ ನೀರು ಇಂಗಲು ಬಿಟ್ಟು ಹಾಯಿಸುವ ಈ ಕ್ರಮ ಆರಂಭಿಸಬಾರದು.